ಏಳರಲ್ಲಿ ಉಳಿದ ಎರಡು ಮರ

ನೆಲಕ್ಕೆ ಬಿದ್ದಿದ್ದ ಎಲೆಯೊಂದನ್ನು ಹಿಸುಕಿ ಮೂಗಿಗೆ ಹಿಡಿದೆ. ತುಮಕೂರಿನ ನಮ್ಮ ಮನೆಯ ದೇವರ ಗೂಡಿನ ವಾಸನೆ! ಅದು ಕರ್ಪೂರದ ಮರ. ನಾನು ನಿಂತಿದ್ದದ್ದು ಜಪಾನಿನ ಅತಾಮಿ ಊರಿನ ಕಿನೊಮಿಯಾ ಶಿಂತೋ ಗುಡಿಯಲ್ಲಿ.

ಅತಾಮಿ ಎಂದರೆ ‘ಬಿಸಿ ಕಡಲು’. ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯುವ ಈ ಊರಿನಲ್ಲಿ ನೆಲದಿಂದ ಬಿಸಿನೀರು ಉಕ್ಕುತ್ತದೆ. 1604ರಲ್ಲಿ ಜಪಾನನ್ನು ಆಳುತ್ತಿದ್ದ ಶೋಗನ್ ತೊಕುಗಾವಾ ಇಎಯಾಸು ಬಂದು ಏಳು ದಿನ ಮಿಂದ. ಆಮೇಲೆ ಅವನ ವಂಶದವರು ಇಲ್ಲಿನ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ ಎದೊ (ಇಂದಿನ ಟೋಕಿಯೊ) ನಗರಕ್ಕೇ ತರಿಸಿಕೊಂಡರು. ಬರುವವರೆಲ್ಲ ಮೀಯಲು ಬರುತ್ತಾರೆ. ನನ್ನನ್ನು ಎಳೆದದ್ದು ಮಾತ್ರ ಮರ.

710ರಲ್ಲಿ ಬೆಸ್ತರ ಬಲೆಗೆ ಮರದ ವಿಗ್ರಹವೊಂದು ಸಿಕ್ಕಿತು ಎನ್ನುತ್ತದೆ ಸ್ಥಳಪುರಾಣ. ‘ಅಲೆಯ ಸದ್ದು ನನಗಾಗದು, ಏಳು ಕರ್ಪೂರದ ಮರಗಳಿರುವಲ್ಲಿ ನೆಲೆಗೊಳಿಸಿ’ ಎಂದಿತಂತೆ ದೈವ. ಆ ದೈವ ಇತಾಕೆರು, ನಾಡಿಗೆಲ್ಲ ಮರದ ಬೀಜ ಬಿತ್ತಿದವನು. 720ರ ಇತಿಹಾಸ ಗ್ರಂಥ ‘ನಿಹೊನ್ ಶೋಕಿ’ಯಲ್ಲಿ ಇನ್ನೂ ಸೊಗಸಾದ ಮಾತಿದೆ: ಅವನ ತಂದೆ ಸುಸಾನೊ ಹುಬ್ಬಿನ ಕೂದಲು ಕಿತ್ತು ಎಸೆದಾಗ ಕರ್ಪೂರದ ಮರಗಳಾದವು, ಇವುಗಳಿಂದ ದೋಣಿ ಮಾಡಿಕೊಳ್ಳಿ ಎಂದನವನು.

ಏಳರಲ್ಲಿ ಈಗ ಎರಡೇ ಇವೆ. 19ನೇ ಶತಮಾನದ ನಡುವೆ, ಕಾಎಇ ಕಾಲದಲ್ಲಿ, ಮೀನುಗಾರಿಕೆಯ ಹಕ್ಕಿಗಾಗಿ ಊರಲ್ಲಿ ವ್ಯಾಜ್ಯ ಹೂಡಬೇಕಾಯಿತು. ಅದರ ಖರ್ಚಿಗೆಂದು ಐದು ಮರ ಕಡಿದು ಮಾರಿದರು. ದೊಡ್ಡ ಮರಕ್ಕೆ ಗರಗಸ ಇಡುವಾಗ ಬಿಳಿಗೂದಲ ಮುದುಕನೊಬ್ಬ ಎರಡೂ ತೋಳು ಚಾಚಿ ಅಡ್ಡ ನಿಂತನಂತೆ. ಗರಗಸ ಎರಡು ತುಂಡಾಯಿತಂತೆ. ಜನ ಕೈಬಿಟ್ಟರು. ಆ ಬೆಸ್ತರನ್ನು ನಾನು ಬೈಯಲಾರೆ. ಬಲೆ ಬಿಡುವ ಹಕ್ಕೇ ಹೋದರೆ ಮನೆಯಲ್ಲಿ ಒಲೆ ಉರಿಯುವುದಾದರೂ ಹೇಗೆ?

ಕರ್ಪೂರ ತೆಗೆಯುತ್ತಿದ್ದ ಬಗೆ ಕೇಳಿದಾಗ ನನಗೆ ಸಂಕಟವಾಗಿತ್ತು. ಕಾಂಡ, ಬೇರುಗಳನ್ನು ಚಕ್ಕೆ ಮಾಡಿ, ಆವಿಯಲ್ಲಿ ಬೇಯಿಸಿ, ಆ ಆವಿಯನ್ನು ತಣಿಸಿದರೆ ಬಿಳಿ ಹರಳು ಕಟ್ಟುತ್ತದೆ. ದಕ್ಷಿಣ ಜಪಾನಿನ ಸತ್ಸುಮಾದ ಕರ್ಪೂರವನ್ನು ಡಚ್ಚರು ನಾಗಸಾಕಿಯಿಂದ ಹಡಗಿಗೇರಿಸುತ್ತಿದ್ದರು. ಕರ್ಪೂರ ಬೆರೆಸಿ ಮಾಡುವ ಸೆಲ್ಯುಲಾಯ್ಡ್ ಬಂದ ಮೇಲೆ ಬೇಡಿಕೆ ಇನ್ನೂ ಏರಿ, 1903ರಲ್ಲಿ ಜಪಾನ್ ಸರ್ಕಾರ ಇಡೀ ವ್ಯಾಪಾರವನ್ನೇ ತನ್ನ ಕೈಗೆ ತೆಗೆದುಕೊಂಡಿತು. ಇಂದು ನಾವು ಹಚ್ಚುವ ಬಿಲ್ಲೆ ಹೆಚ್ಚಾಗಿ ಟರ್ಪೆಂಟೈನಿನಿಂದ ತಯಾರಾದದ್ದು. ನನ್ನಜ್ಜಿ ಮಂಗಳಾರತಿಗೆ ಹಚ್ಚುತ್ತಿದ್ದದ್ದು ಯಾವ ಕಾಡಿನ ಮರವೋ.

ಉಳಿದ ಹಿರಿಯ ಮರದ ಬುಡದ ಸುತ್ತಳತೆ ಸುಮಾರು 24 ಮೀಟರ್. ಎರಡು ಸಾವಿರ ವರ್ಷಕ್ಕೂ ಹಳೆಯದು ಎನ್ನುತ್ತಾರೆ. 1933ರಲ್ಲಿ ಇದನ್ನು ರಾಷ್ಟ್ರದ ನೈಸರ್ಗಿಕ ಸ್ಮಾರಕವೆಂದು ಘೋಷಿಸಿದರು. ತೊಗಟೆ ಗಂಟುಗಂಟಾಗಿ, ಬಂಡೆಗೆ ಜೀವ ಬಂದಂತಿದೆ. ಇನ್ನೊಂದು ಮರ ಸಿಡಿಲು ಬಡಿದು ಟೊಳ್ಳಾಗಿದೆ; ನೆತ್ತಿಯಲ್ಲಿ ಹಸಿರು ಮಾತ್ರ ಹಾಗೇ ಇದೆ.

“ಒಂದು ಸುತ್ತಿಗೆ ಒಂದು ವರ್ಷ ಆಯುಸ್ಸು ಹೆಚ್ಚಂತೆ, ಬಾಮ್ಮ,” ಎಂದಳು ಮಗಳು. ಮಂಡಿ ನೋವಿದ್ದರೂ ಮೂರು ಸುತ್ತು ಬಂದೆ: ಒಂದು ನನಗೆ, ಒಂದು ಅವಳಿಗೆ, ಒಂದು ಆ ಐದು ಮರಗಳಿಗೆ.

ಬಲೆಗೆ ಸಿಕ್ಕ ದೈವಕ್ಕೆ ಅಂದು ಬೆಸ್ತರು ಕೊಟ್ಟ ಎಡೆಯಲ್ಲಿ ಹುರಿದ ಬಾರ್ಲಿಯ ಹಿಟ್ಟೂ ಇತ್ತಂತೆ. ಇಂದಿಗೂ ಜುಲೈ ಜಾತ್ರೆಯಲ್ಲಿ ಉದ್ದ ಮೂಗಿನ ದೇವರು ಸರುತಹಿಕೊನ ವೇಷಧಾರಿ ಅದನ್ನು ದಾರಿಯುದ್ದಕ್ಕೂ ಎರಚುತ್ತಾನೆ; ಮೈಮೇಲೆ ಬಿದ್ದವರಿಗೆ ಕಾಯಿಲೆ ಬಾರದೆಂಬ ನಂಬಿಕೆ. ಗುಡಿಯಂಗಳದಲ್ಲಿ ಆ ಹಿಟ್ಟಿನ ತಿಂಡಿ ಸಿಕ್ಕಿತು. “ಏನಮ್ಮಾ ಇದು?” ಎಂದಳು ಮಗಳು.

“ಹುರಿಹಿಟ್ಟು ಕಣೇ,” ಎಂದೆ.