ನೋಂಪಿ: ಒಂದು ಶಬ್ದದ ಅರ್ಥ ಮತ್ತು ಮೂಲ

ಧಾರ್ಮಿಕ ಸಂಯಮವನ್ನೂ ಭೋಗತ್ಯಾಗವನ್ನೂ ಸೂಚಿಸಲು ನಾವು ಇಂದು ಬಳಸುವ ತಪಸ್ಸು, ವ್ರತ, ಉಪವಾಸ, ಸಂನ್ಯಾಸ ಮೊದಲಾದ ಶಬ್ದಗಳೆಲ್ಲ ಸಂಸ್ಕೃತದಿಂದ ಬಂದವು. ಆದುದರಿಂದ ಈ ಆಚರಣೆಗಳಿಗೆ ದ್ರಾವಿಡ ಭಾಷೆಗಳಲ್ಲಿ ಸ್ವಂತ ಶಬ್ದವೇ ಇರಲಿಲ್ಲವೆಂದು ಭಾವಿಸುವುದು ಸುಲಭ. ಆ ಭಾವನೆ ಸರಿಯಲ್ಲವೆಂಬುದಕ್ಕೆ ‘ನೋಂಪಿ’ ಎಂಬ ಶಬ್ದವೇ ಸಾಕ್ಷಿ. ಇಂದು ಮನೆಯ ವ್ರತವೊಂದರ ಹೆಸರಾಗಿ ಮಾತ್ರ ಹೆಚ್ಚು ಪರಿಚಿತವಾಗಿರುವ ಈ ಶಬ್ದದ ಧಾತು, ಕನ್ನಡದ ಪ್ರಾಚೀನ ಶಾಸನಗಳಲ್ಲಿ ಪ್ರಾಣಾಂತವಾಗುವವರೆಗೂ ನಡೆಯುವ ಕಠಿನ ನಿಷ್ಠೆಯನ್ನು ಹೇಳುತ್ತಿತ್ತು. ಅದರ ಮೂಲಾರ್ಥವೇನು, ಆ ಅರ್ಥ ಹೇಗೆ ಬದಲಾಯಿತು, ಅದರಿಂದ ಚರಿತ್ರೆಯ ವಿದ್ಯಾರ್ಥಿಗೆ ತಿಳಿಯುವುದೇನು ಎಂಬುದೇ ಪ್ರಕೃತ ವಿಚಾರ.

ನೋಂಪಿ ಎಂಬುದು ‘ನೋನ್’ ಎಂಬ ಧಾತುವಿನಿಂದ ಹುಟ್ಟಿದ ನಾಮಪದ. ‘ನೋಂತು’ ಎಂಬುದು ಅದೇ ಧಾತುವಿನ ಭೂತಕಾಲದ ಕೃದಂತರೂಪ. ತಮಿಳಿನ ‘ನೋಲ್’ ಮತ್ತು ‘ನೋನ್ಬು’, ಮಲಯಾಳದ ‘ನೋಂಬು’, ತೆಲುಗಿನ ‘ನೋಮು’ ಇದಕ್ಕೆ ಜ್ಞಾತಿಶಬ್ದಗಳು. ತಮಿಳಿನಲ್ಲಿ ಈ ಧಾತುವಿಗೆ ಸಹಿಸು ಎಂಬ ಅರ್ಥವೂ ತಪವನ್ನಾಚರಿಸು ಎಂಬ ಅರ್ಥವೂ ಉಂಟು. ಇವುಗಳಲ್ಲಿ ಸಹಿಸುವುದೇ ಮೊದಲಿನ ಅರ್ಥವೆಂದು ತೋರುತ್ತದೆ. ತಿರುಕ್ಕುರಳಿನಲ್ಲಿ ತಪಸ್ಸನ್ನು ಕುರಿತ ಅಧಿಕಾರದ ಮೊದಲನೆಯ ದ್ವಿಪದಿಯು, ತನಗೊದಗಿದ ನೋವನ್ನು ಸಹಿಸುವುದೂ ಅನ್ಯಜೀವಿಗಳಿಗೆ ಕೇಡನ್ನು ಮಾಡದಿರುವುದೂ ತಪಸ್ಸಿನ ಸ್ವರೂಪವೆಂದು ನಿರೂಪಿಸುತ್ತದೆ. ಅಲ್ಲಿ ಸಹನೆಯನ್ನು ಹೇಳುವ ಪದವೂ ಇದೇ ಧಾತುವಿನದು. ‘ತಪಸ್’ ಶಬ್ದದ ಮೂಲದಲ್ಲಿರುವುದು ‘ತಪ್’, ಎಂದರೆ ಕಾಯುವುದು, ಸುಡುವುದು. ಒಂದರ ಹಿಂದೆ ಬೆಂಕಿಯ ಕಲ್ಪನೆಯಿದ್ದರೆ ಇನ್ನೊಂದರ ಹಿಂದೆ ತಾಳ್ಮೆಯ ಕಲ್ಪನೆಯಿದೆ. ‘ನೋಯ್’ ಎಂಬ ಕ್ರಿಯಾಪದವು ಧ್ವನಿಯಲ್ಲಿ ‘ನೋನ್’ಗೆ ಹತ್ತಿರವಾದರೂ ಪ್ರಯೋಗದಲ್ಲಿ ಭೇದ ಸ್ಪಷ್ಟವಾಗಿದೆ. ‘ನೊಂದು’ ಎಂದಾಗ ನೋವು ತಾನಾಗಿ ಬಂದದ್ದು. ‘ನೋಂತು’ ಎಂದಾಗ ಕಷ್ಟವನ್ನು ತಾನಾಗಿ ಕೈಕೊಂಡದ್ದು.

ಈ ಧಾತುವಿನ ಪ್ರಾಚೀನ ಪ್ರಯೋಗಗಳು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲಿವೆ. ಬಿ. ಎಲ್. ರೈಸರು 1889ರಲ್ಲಿಯೂ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿಯೂ ಪ್ರಕಟಿಸಿದ ಈ ಶಾಸನಗಳಲ್ಲಿ ಸುಮಾರು 7ನೆಯ ಶತಮಾನದವು ಅನೇಕವಾಗಿವೆ. ಮಲನೂರಿನ ಪಟ್ಟಿನಿ ಗುರವಡಿಗಳ ಶಿಷ್ಯರಾದ ಉಗ್ರಸೇನ ಗುರವಡಿಗಳು ಒಂದು ತಿಂಗಳು ‘ಸನ್ಯಾಸನಂ’ ನೋಂತು ಮುಡಿಪಿದರೆಂದು ಅವುಗಳಲ್ಲೊಂದು ತಿಳಿಸುತ್ತದೆ. ತಮಿಳಿನಲ್ಲಿ ‘ಪಟ್ಟಿನಿ’ ಎಂದರೆ ಉಪವಾಸ. ಗುರುವಿನ ಹೆಸರೇ ಹೀಗಿರುವುದು ಗಮನಾರ್ಹ. ಈ ಆಚರಣೆಯನ್ನು ನಾವು ಇಂದು ಸಲ್ಲೇಖನವೆಂದು ಕರೆಯುತ್ತೇವೆ. ಉಗ್ರಸೇನರ ಶಾಸನದಲ್ಲಿ ಆ ಶಬ್ದವಿಲ್ಲ.

ಇದಕ್ಕೆ ಸಮಾನವಾದ ಪ್ರಯೋಗವೊಂದು ತಮಿಳುನಾಡಿನ ಸೆಂಜಿಯ ಬಳಿಯ ತಿರುನಾಥರ್‌ಕುನ್ರು ಎಂಬ ಗುಡ್ಡದಲ್ಲಿ ದೊರೆತಿದೆ. ಸುಮಾರು 5-6ನೆಯ ಶತಮಾನಗಳದ್ದೆಂದು ಎಣಿಸಲಾಗಿರುವ ಆ ವಟ್ಟೆಳುತ್ತಿನ ಶಾಸನವು, 57 ದಿನ ‘ಅನಶನ’ವನ್ನು ನೋಂತ ಚಂದ್ರನಂದಿ ಆಚಾರ್ಯರ ನಿಸೀದಿಯನ್ನು ಕುರಿತದ್ದು. ಎರಡೂ ಕಡೆ ವಾಕ್ಯದ ರಚನೆ ಒಂದೇ ಬಗೆಯದು. ಸನ್ಯಾಸನ, ಅನಶನ ಎಂಬ ಶಾಸ್ತ್ರಶಬ್ದಗಳು ಹೊರಗಿನಿಂದ ಬಂದವು. ಅವುಗಳನ್ನು ಆಚರಿಸಿದುದನ್ನು ಹೇಳುವ ಕ್ರಿಯಾಪದ ಈ ನೆಲದ್ದು. ಜೈನಮುನಿಗಳು ತಮ್ಮ ಸಿದ್ಧಾಂತವನ್ನು ತಂದಾಗ, ಕಷ್ಟವನ್ನು ನಿಶ್ಚಯಪೂರ್ವಕವಾಗಿ ಸಹಿಸುವುದನ್ನು ಹೇಳುವ ಶಬ್ದವೊಂದು ಇಲ್ಲಿ ಆಗಲೇ ಬಳಕೆಯಲ್ಲಿದ್ದಿತೆಂದು ಇದರಿಂದ ಊಹಿಸಬಹುದು.

ಶಾಸನದ ವ್ಯಾಕರಣವೂ ವಿಚಾರಾರ್ಹವಾಗಿದೆ. ‘ನೋಂತು’ ಎಂಬುದು ಒಂದು ಕ್ರಿಯೆ, ‘ಮುಡಿಪಿದರ್’ ಎಂಬುದು ಇನ್ನೊಂದು. ಎರಡನೆಯದಕ್ಕೆ ಮುಗಿಸಿದರು, ತೀರಿಕೊಂಡರು ಎಂದರ್ಥ. ಶಾಸನಕಾರನು ದಿನಗಳನ್ನೆಣಿಸಿ ಹೇಳುವುದು ನೋಂತ ಕಾಲವನ್ನು. ಮರಣವು ಆ ನಿಷ್ಠೆಯ ಸಮಾಪ್ತಿಯಾಗಿ ಬರುತ್ತದೆ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಈ ಆಚರಣೆಯನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯನ್ನು ನೀಡಿತು. ನ್ಯಾಯದ ಪ್ರಶ್ನೆಯನ್ನು ಶಬ್ದಾರ್ಥದಿಂದ ತೀರ್ಮಾನಿಸಲಾಗದು. ಆದರೆ ಆಚರಿಸಿದವರ ಸಮಾಜವು ಅದನ್ನು ಯಾವ ಕ್ರಿಯೆಯೆಂದು ತಿಳಿದಿತ್ತೆಂಬ ಪ್ರಶ್ನೆ ಚರಿತ್ರೆಗೆ ಸೇರಿದುದು, ಅದಕ್ಕೆ ಉತ್ತರ ಬಂಡೆಯ ಮೇಲೆಯೇ ಇದೆ.

ಮುಂದೆ ಈ ಶಬ್ದದ ಅರ್ಥ ಮೃದುವಾಯಿತು. ಕಷ್ಟವನ್ನು ಸಹಿಸಿದವನಿಗೆ ಫಲವುಂಟೆಂಬ ನಂಬಿಕೆಯಿಂದ, ಹಳಗನ್ನಡ ಕಾವ್ಯಗಳಲ್ಲಿ ‘ನೋಂತರ್’ ಎಂದರೆ ಪುಣ್ಯಮಾಡಿದವರು ಎಂಬ ಅರ್ಥ ಬಂದಿತು. ಜೈನರ ನೋಂಪಿಯ ಕಥೆಗಳು ಹೇಳುವುದು ಮುಖ್ಯವಾಗಿ ಆ ಫಲವನ್ನೇ. ಅನಂತನ ನೋಂಪಿ, ಕೇದಾರೇಶ್ವರ ನೋಂಪಿ ಮೊದಲಾದ ಗೃಹವ್ರತಗಳಲ್ಲಿ ಕೈಗೆ ಕಟ್ಟುವ ದಾರ ಮತ್ತು ನೈವೇದ್ಯಗಳು ಪ್ರಧಾನವಾದವು. ಆದರೂ ಮೂಲಾರ್ಥ ಪೂರ್ತಿ ಅಳಿಯಲಿಲ್ಲ. ಆಂಡಾಳ್ ರಚಿಸಿದ ತಿರುಪ್ಪಾವೈಯ ಕನ್ಯೆಯರು ತಮ್ಮ ನೋನ್ಬಿಗಾಗಿ ತುಪ್ಪ, ಹಾಲು, ಕಾಡಿಗೆ, ಹೂವುಗಳನ್ನು ತ್ಯಜಿಸುತ್ತಾರೆ. ಕೇರಳದಲ್ಲಿ ಮುಸ್ಲಿಮರ ರಂಜಾನ್ ಉಪವಾಸಕ್ಕೂ ಕ್ರೈಸ್ತರ ಉಪವಾಸಕಾಲಕ್ಕೂ ‘ನೋಂಬು’ ಎಂದೇ ಹೆಸರು; ನಮ್ಮ ಕರಾವಳಿಯ ಬ್ಯಾರಿ ಭಾಷೆಯಲ್ಲಿಯೂ ರಂಜಾನ್ ಉಪವಾಸವನ್ನು ಹೀಗೆಯೇ ಕರೆಯುತ್ತಾರೆ.

ಹೀಗೆ ಜೈನಮುನಿಯ ಅನಶನ, ವೈಷ್ಣವ ಕನ್ಯೆಯ ವ್ರತ, ಮುಸ್ಲಿಮರ ಉಪವಾಸ ಇವುಗಳಿಗೆಲ್ಲ ಒಂದೇ ಧಾತು ಒದಗಿಬಂದಿದೆ. ಇವುಗಳ ಸಿದ್ಧಾಂತಗಳು ಬೇರೆ, ಶಾಸ್ತ್ರಗ್ರಂಥಗಳು ಬೇರೆ. ಒಂದು ಉದ್ದೇಶಕ್ಕಾಗಿ ತಾನೇ ಒಪ್ಪಿ ಸಹಿಸುವುದು ಮಾತ್ರ ಎಲ್ಲಕ್ಕೂ ಸಾಮಾನ್ಯ. ಶಾಸನಗಳನ್ನು ಓದುವ ವಿದ್ಯಾರ್ಥಿಗಳು ‘ನೋಂತು’ ಎಂಬ ಪದ ಬಂದಲ್ಲೆಲ್ಲ ಅದನ್ನು ಸಲ್ಲೇಖನವೆಂದೋ ಉಪವಾಸವೆಂದೋ ಕೂಡಲೇ ಅನುವಾದಿಸದೆ, ಅದರ ಸಂಗಡ ಬರುವ ನಾಮಪದವನ್ನೂ ದಿನಗಳ ಎಣಿಕೆಯನ್ನೂ ಗಮನಿಸಬೇಕು. ಶಾಸ್ತ್ರವು ಒಂದು ಆಚರಣೆಗೆ ಕೊಟ್ಟ ಹೆಸರಿನೊಡನೆ, ಅದನ್ನು ಕಣ್ಣಾರೆ ಕಂಡ ಜನ ಅದನ್ನು ಹೇಗೆ ಅರಿತಿದ್ದರೆಂಬುದೂ ಆಗ ತಿಳಿದುಬರುತ್ತದೆ.