‘ಎಂ’ ಅಕ್ಷರವೂ ಪುಸ್ತಕದ ಕೊನೆಯ ಉತ್ತರವೂ

ಸರಳರೇಖೆಯ ಸಮೀಕರಣವನ್ನು ‘ವೈ = ಎಂಎಕ್ಸ್ + ಸಿ’ ಎಂದು ಕರಿಹಲಗೆಯ ಮೇಲೆ ಬರೆದೊಡನೆ ಪ್ರತಿ ವರ್ಷವೂ ಯಾರಾದರೊಬ್ಬರು ಎದ್ದು ನಿಂತು ಕೇಳುತ್ತಿದ್ದರು: “ಇಳಿಜಾರಿಗೆ ಎಂ ಅಂತ ಯಾಕೆ ಸಾರ್?” (ಸಮೀಕರಣಗಳ ಅಕ್ಷರಗಳನ್ನೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ, ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು.) ನನ್ನ ಬಳಿ ಸಿದ್ಧ ಉತ್ತರವೊಂದಿತ್ತು. ಫ್ರೆಂಚ್ ಭಾಷೆಯಲ್ಲಿ ‘ಮೋಂತೇ’ ಎಂದರೆ ಏರು. ನಿರ್ದೇಶಾಂಕ ರೇಖಾಗಣಿತದ ಜನಕನಾದ ದೆಕಾರ್ತ್ ಫ್ರೆಂಚನಾದ್ದರಿಂದ ಆ ಪದದ ಮೊದಲಕ್ಷರವನ್ನು ಆರಿಸಿಕೊಂಡ, ಎಂದು. ಬಿ.ಎಡ್. ದಿನಗಳಲ್ಲಿ ಕೇಳಿದ್ದ ಈ ಕಥೆಯನ್ನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹೇಳಿದೆ. ಮಕ್ಕಳಿಗೂ ಅದು ಇಷ್ಟವಾಗುತ್ತಿತ್ತು. ದೋಷ ಒಂದೇ: ಅದಕ್ಕೆ ಆಧಾರವಿಲ್ಲ.

ದೆಕಾರ್ತನ ‘ಲಾ ಜೆಯೊಮೆತ್ರಿ’ ಪ್ರಕಟವಾದದ್ದು 1637ರಲ್ಲಿ. ತಿಳಿದ ಪರಿಮಾಣಗಳಿಗೆ ಎ, ಬಿ, ಸಿ ಎಂದೂ ತಿಳಿಯದವಕ್ಕೆ ಎಕ್ಸ್, ವೈ, ಝಡ್ ಎಂದೂ ಬರೆಯುವ ಪದ್ಧತಿ ನಮಗೆ ಬಂದದ್ದು ಆ ಗ್ರಂಥದಿಂದಲೇ. ಆದರೆ ಅದರಲ್ಲಿ ‘ಎಂ’ ಇಳಿಜಾರಿನ ಸಂಕೇತವಲ್ಲ. ನಾವು ನಕ್ಷಾಕಾಗದದ ಮೇಲೆ ಎಳೆಸುವ, ನಾಲ್ಕು ಪಾದಗಳಾಗಿ ಭಾಗಿಸುವ ಲಂಬ ಅಕ್ಷಗಳ ಜೋಡಿಯೂ ಅಲ್ಲಿ ಸಿಗದು. ಆತನ ಆಸಕ್ತಿ ಇದ್ದದ್ದು ವಕ್ರರೇಖೆಗಳಲ್ಲಿ. ಎರಡು ಅಜ್ಞಾತಗಳಿರುವ ಒಂದನೆಯ ಘಾತದ ಸಮೀಕರಣವು ಸರಳರೇಖೆಯನ್ನು ಸೂಚಿಸುತ್ತದೆ ಎಂಬುದನ್ನು ಸ್ಪಷ್ಟವಾಗಿ ಬರೆದವನು ಅದೇ ಕಾಲದ ಫರ್ಮಾ. ತೂಲೂಸ್ ನಗರದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದು ಬಿಡುವಿನಲ್ಲಿ ಗಣಿತ ಮಾಡಿದವನು. ಎಕ್ಸ್, ವೈ ಬದಲು ಆತ ಬಳಸಿದ್ದು ಎ ಮತ್ತು ಇ. ಅವನ ಆ ಪುಟ್ಟ ಲ್ಯಾಟಿನ್ ಬರಹ ಅಚ್ಚಾದದ್ದು 1679ರಲ್ಲಿ, ಅವನು ತೀರಿಕೊಂಡು 14 ವರ್ಷಗಳಾದ ಮೇಲೆ. ಹೀಗಾಗಿ ಸರಳರೇಖೆಯ ಪಾಠದಲ್ಲಿ ಫರ್ಮಾನ ಹೆಸರು ಬರಬೇಕಾದಲ್ಲೆಲ್ಲ ದೆಕಾರ್ತನ ಚಿತ್ರವೇ ಬಂದು ಕುಳಿತಿದೆ.

ಮುಂದೆ 1784ರಲ್ಲಿ ಅಚ್ಚಾದ ಮೋಂಜ್‌ನ ಲೇಖನದಲ್ಲಿ ಬಿಂದು-ಇಳಿಜಾರು ರೂಪ ಕಾಣುತ್ತದೆ. ಆತ ಫ್ರೆಂಚನೇ, ಆದರೆ ಇಳಿಜಾರಿಗೆ ಬಳಸಿದ್ದು ‘ಎ’. ಫ್ರಾನ್ಸಿನ ಮಕ್ಕಳು ‘ವೈ = ಎಎಕ್ಸ್ + ಬಿ’ ಎಂದು ಕಲಿತು ಬಂದವರು. ಫ್ರೆಂಚ್ ಪದದಿಂದ ಬಂದ ಅಕ್ಷರವನ್ನು ಫ್ರೆಂಚರೇ ಕೈಬಿಟ್ಟರೆಂದರೆ ನಂಬುವುದು ಕಷ್ಟ! ಇಳಿಜಾರಿಗೆ ‘ಎಂ’ ಬಳಸಿದ, ಇತಿಹಾಸಕಾರರಿಗೆ ಸಿಕ್ಕಿರುವ ಅತ್ಯಂತ ಹಳೆಯ ಉದಾಹರಣೆ ಇಟಲಿಯ ಪಾದ್ರಿ ವಿನ್ಚೆಂಝೊ ರಿಕ್ಕಾತಿಯ 1757ರ ಗ್ರಂಥದಲ್ಲಿದೆ. ಇಂಗ್ಲಿಷ್ ಪುಸ್ತಕಗಳಲ್ಲಿ 1844ರಲ್ಲಿ ಓಬ್ರಿಯನ್, 1848ರಲ್ಲಿ ಐರ್ಲೆಂಡಿನ ಸ್ಯಾಮನ್ ಅದನ್ನು ಬಳಸಿದರು. ಸ್ಯಾಮನ್ ಬರೆದದ್ದು ‘ಎಂಎಕ್ಸ್ + ಬಿ’. 1855ರಲ್ಲಿ ಟಾಡ್‌ಹಂಟರ್ ಬರೆದದ್ದು ‘ಎಂಎಕ್ಸ್ + ಸಿ’. 1895ರ ಲೋನಿಯ ಪುಸ್ತಕದಲ್ಲಿಯೂ ‘ಸಿ’ಯೇ. (ಬಾಲಕ ರಾಮಾನುಜನ್ ಅರಗಿಸಿಕೊಂಡ ತ್ರಿಕೋನಮಿತಿಯ ಪುಸ್ತಕವೂ ಇದೇ ಲೋನಿಯದು.) ಟಾಡ್‌ಹಂಟರ್, ಲೋನಿಯವರನ್ನು ಓದಿದ ನಮ್ಮ ಹಿರಿಯರ ಬಾಯಲ್ಲಿ ‘ಸಿ’ ಉಳಿಯಿತು, ಅಮೆರಿಕದಲ್ಲಿ ಓದುವ ನಮ್ಮವರ ಮಕ್ಕಳು ರಜೆಗೆ ಬಂದಾಗ ‘ಬಿ’ ಎನ್ನುತ್ತಾರೆ.

ಈ ‘ಸಿ’ಯಿಂದ ತರಗತಿಯಲ್ಲಿ ಆಗುವ ತೊಂದರೆ ಸಣ್ಣದಲ್ಲ. ಸಾಮಾನ್ಯ ರೂಪವಾದ ‘ಎಎಕ್ಸ್ + ಬಿವೈ + ಸಿ = 0’ ಎಂಬಲ್ಲಿಯೂ ಒಂದು ಸಿ ಇದೆಯಷ್ಟೆ. ಅದು ಅಂತಃಛೇದವಲ್ಲ, ಅದನ್ನು ಬಿ ಯಿಂದ ಭಾಗಿಸಿ ಚಿಹ್ನೆ ಬದಲಿಸಿದರೆ ಮಾತ್ರ ಅಂತಃಛೇದ ದೊರೆಯುತ್ತದೆ. ಬಿ ಸೊನ್ನೆಯಾದರೆ ಭಾಗಿಸುವಂತೆಯೇ ಇಲ್ಲ. ‘ಎಕ್ಸ್ = 5’ ಎಂಬ ನೆಟ್ಟಗೆ ನಿಂತ ರೇಖೆಯನ್ನು ಯಾವ ಉಪಾಯದಿಂದಲೂ ಇಳಿಜಾರು-ಅಂತಃಛೇದ ರೂಪಕ್ಕೆ ತರಲಾಗದು. ಆದರೂ ‘ಪ್ರತಿಯೊಂದು ಸರಳರೇಖೆಯನ್ನೂ’ ಹೀಗೆ ಬರೆಯಬಹುದು ಎಂದು ಅಚ್ಚಾದ ಪುಟಗಳನ್ನು ನಾನೇ ಕಂಡಿದ್ದೇನೆ.

1991ರ ಸುಮಾರಿನ ಮಾತು. ನಾವು ಬಳಸುತ್ತಿದ್ದ ಅಭ್ಯಾಸ ಪುಸ್ತಕವೊಂದರಲ್ಲಿ ‘3ಎಕ್ಸ್ − 4ವೈ + 8 = 0’ ಎಂಬ ಲೆಕ್ಕವಿತ್ತು. ಕೊನೆಯ ಪುಟದ ಉತ್ತರ: ಇಳಿಜಾರು 3/4, ಅಂತಃಛೇದ −2. ಕಿರುಪರೀಕ್ಷೆಯಲ್ಲಿ ಅದನ್ನೇ ಕೊಟ್ಟು, ಆ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು 43 ಪತ್ರಿಕೆಗಳನ್ನು ತಿದ್ದಿದೆ. ಒಬ್ಬ ಹುಡುಗಿ ಮಾತ್ರ ಅಂತಃಛೇದ 2 ಎಂದು ಬರೆದಿದ್ದಳು. ಅಡ್ಡಗೀಟು ಹಾಕಿದೆ. ಪತ್ರಿಕೆ ಹಂಚಿದ ದಿನ ಅವಳು ಮೇಜಿನ ಬಳಿ ಬಂದು, “ಸಾರ್, ಎಕ್ಸ್‌ಗೆ ಸೊನ್ನೆ ಹಾಕಿ ನೋಡಿ” ಎಂದಳು. “ಪುಸ್ತಕಕ್ಕಿಂತ ನೀನು ದೊಡ್ಡವಳೇನಮ್ಮಾ?” ಎಂದು ಕಳುಹಿಸಿಬಿಟ್ಟೆ. ತರಗತಿ ನಕ್ಕಿತು.

ರಾತ್ರಿ ಮನೆಯಲ್ಲಿ ಸೊನ್ನೆ ಹಾಕಿ ನೋಡಿದೆ. −4ವೈ + 8 = 0; ವೈ = 2. ಅದಕ್ಕೆ ಬೇಕಾದದ್ದು ಅರ್ಧ ನಿಮಿಷ.

ಮರುದಿನ ತರಗತಿಯೆದುರು ತಪ್ಪು ಒಪ್ಪಿಕೊಂಡು, ಅಂಕ ತಿದ್ದಿ, ಆ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿ ತೋರಿಸಮ್ಮ ಎಂದು ಅವಳನ್ನು ಕರೆದೆ. ಅವಳು ತಲೆತಗ್ಗಿಸಿ ಕುಳಿತಳೇ ಹೊರತು ಏಳಲಿಲ್ಲ. ಆ ವರ್ಷ ಪೂರ್ತಿ ಅವಳು ನನ್ನನ್ನು ಮತ್ತೊಂದು ಪ್ರಶ್ನೆ ಕೇಳಿದ ನೆನಪಿಲ್ಲ. ಪುಸ್ತಕದವರಿಗೆ ಕಾರ್ಡು ಬರೆದೆ, ಉತ್ತರ ಬರಲಿಲ್ಲ.

ಉಳಿದ 42 ಪತ್ರಿಕೆಗಳನ್ನು ಹಿಂದಕ್ಕೆ ಪಡೆದು ಇನ್ನೊಮ್ಮೆ ನೋಡಿದೆ. ಹಲವರು ‘−4ವೈ = −3ಎಕ್ಸ್ − 8’ ಎಂಬವರೆಗೆ ಸರಿಯಾಗಿಯೇ ಬಂದಿದ್ದರು. −4ರಿಂದ ಭಾಗಿಸಿದಾಗ ಬಂದ +2ನ್ನು ಹೊಡೆದುಹಾಕಿ, ಬಾಯಿಪಾಠವಾಗಿದ್ದ ಉತ್ತರಕ್ಕೆ ಹೊಂದುವಂತೆ ಪಕ್ಕದಲ್ಲಿ −2 ಎಂದು ಬರೆದಿದ್ದರು. ಹೊಡೆದುಹಾಕಿದ ಆ +2ಗಳು ಶಾಯಿಯ ಕೆಳಗೆ ಸ್ಪಷ್ಟವಾಗಿ ಕಾಣುತ್ತಿದ್ದವು.