ಬೆಟ್ಟದ ಬುಡದ ಬೆಳಗೊಳ

ನಮ್ಮ ಹಾಸನ ಸೀಮೆಯ ಊರುಗಳು ಬಹುಮಟ್ಟಿಗೆ ನೀರನ್ನು ನೆಚ್ಚಿ ಬೆಳೆದವು. ಹೊಳೆನರಸೀಪುರ ತನ್ನ ಹೆಸರಿನಲ್ಲೇ ಹೇಮಾವತಿಯನ್ನು ಇರಿಸಿಕೊಂಡಿದೆ. ಅರಕಲಗೂಡು ಸೀಮೆಗೆ ಒಂದು ಮಗ್ಗುಲಲ್ಲಿ ಹೇಮಾವತಿ, ಇನ್ನೊಂದು ಮಗ್ಗುಲಲ್ಲಿ ಕಾವೇರಿ. ಚನ್ನರಾಯಪಟ್ಟಣಕ್ಕೆ ಅದರ ಕೆರೆ. ಕರಾವಳಿಯ ಕಾರವಾರ, ಮಂಗಳೂರುಗಳಲ್ಲಿರುವಂತೆ ಗುಡ್ಡದ ಓರೆಯಲ್ಲಿ ಮನೆ ಕಟ್ಟಿಕೊಂಡು, ಬೆನ್ನಿಗೆ ಬಂಡೆ, ಕಣ್ಣೆದುರಿಗೆ ಕಡಲು ಎಂಬಂತೆ ಬಾಳುವ ಭಾಗ್ಯ ಒಳನಾಡಿನವರಾದ ನಮಗಿಲ್ಲ. ಆದರೂ ಬೆಟ್ಟವೂ ನೀರೂ ಕೂಡಿ ಊರಾದ ಒಂದು ನೆಲೆ ನಮ್ಮಲ್ಲಿ ಉಂಟು. ಅದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ. ಅಲ್ಲಿ ಕಡಲಿನ ಸ್ಥಾನದಲ್ಲಿ ಒಂದು ಕೊಳವಿದೆ. ಊರಿಗೆ ಹೆಸರನ್ನು ಕೊಟ್ಟದ್ದು ಅದರ ಬೆಟ್ಟಗಳಲ್ಲ, ಈ ಕೊಳ. ಬೆಳ್ಳನೆಯ ಕೊಳವೇ ಬೆಳ್ಗೊಳ. ಈ ಹೆಸರು 7ನೆಯ ಶತಮಾನದ ಶಾಸನದಲ್ಲೇ ಕಾಣಿಸಿಕೊಳ್ಳುತ್ತದೆ. ಸಂಸ್ಕೃತದಲ್ಲಿ ಬರೆದವರು ಇದನ್ನೇ ಶ್ವೇತಸರೋವರವೆಂದೂ ಧವಳಸರೋವರವೆಂದೂ ಕರೆದರು.

ಬೆಟ್ಟದ ಮೇಲಿನ ಬೆಳಗೊಳವನ್ನು ಲೋಕವೆಲ್ಲ ಬಲ್ಲದು. ಕ್ರಿ.ಶ. 981ರ ಸುಮಾರಿನಲ್ಲಿ ಗಂಗರ ಮಂತ್ರಿ ಚಾವುಂಡರಾಯ ಕಡೆಯಿಸಿದ 58 ಅಡಿಯ ಗೊಮ್ಮಟಮೂರ್ತಿಯನ್ನು ಕುರಿತು ಕವಿಗಳು ಹಾಡಿದ್ದಾರೆ, ಕಲಾವಿಮರ್ಶಕರು ಬರೆದಿದ್ದಾರೆ. ನಾನು ಇಂದು ಹೇಳಹೊರಟಿರುವುದು ಆ ಮೂರ್ತಿಯ ವಿಷಯವನ್ನಲ್ಲ. ಅದರ ಕಾಲಕೆಳಗೆ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಒಲೆ ಹೊತ್ತಿಸಿಕೊಂಡು, ಮಕ್ಕಳನ್ನು ಸಾಕಿಕೊಂಡು ಬಂದಿರುವ ಊರಿನ ವಿಷಯವನ್ನು. ಬೆಟ್ಟ ಬಾಳಿದ್ದು ಯಾರಿಂದ ಎಂಬ ಪ್ರಶ್ನೆಗೆ ಉತ್ತರ ಬೆಟ್ಟದ ಮೇಲೆ ಅರ್ಧ ಮಾತ್ರ ದೊರೆಯುತ್ತದೆ. ಉಳಿದರ್ಧ ಬುಡದಲ್ಲಿದೆ.

ಮೊದಲು ನೆಲದ ಲಕ್ಷಣವನ್ನು ನೋಡೋಣ. ಉತ್ತರಕ್ಕೆ ಚಿಕ್ಕಬೆಟ್ಟ, ಎಂದರೆ ಚಂದ್ರಗಿರಿ. ದಕ್ಷಿಣಕ್ಕೆ ದೊಡ್ಡಬೆಟ್ಟ, ಎಂದರೆ ವಿಂಧ್ಯಗಿರಿ. ಚಿಕ್ಕಬೆಟ್ಟ ಸಮುದ್ರಮಟ್ಟದಿಂದ 3,052 ಅಡಿ, ದೊಡ್ಡಬೆಟ್ಟ 3,347 ಅಡಿ. ದೊಡ್ಡಬೆಟ್ಟ ತನ್ನ ಬುಡದಿಂದ ಮೇಲೆದ್ದಿರುವುದು ಸುಮಾರು 470 ಅಡಿ. ನಡುವಿನ ತಗ್ಗಿನಲ್ಲಿ ಕೊಳ, ಕೊಳದ ಸುತ್ತ ಊರು. ಗೊಮ್ಮಟನು ನಿಂತಿರುವುದು ಉತ್ತರಾಭಿಮುಖನಾಗಿ. ಅವನ ಮುಖ ತಿರುಗಿರುವುದು ಈ ಊರಿನ ಕಡೆಗೆ. ಲೋಕವನ್ನು ತೊರೆದವನ ಎದುರಿಗೆ ಹಗಲಿರುಳೂ ಲೋಕವ್ಯವಹಾರ ನಡೆಯುತ್ತಿದೆ.

ಇಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು 1889ರಲ್ಲಿ ಮೊದಲು ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ ಹೊರತಂದ 1923ರ ಆವೃತ್ತಿಯಲ್ಲಿ ಅದು 500 ಆಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಆವೃತ್ತಿಯಲ್ಲಿ 573. ಇವುಗಳಲ್ಲಿ 271 ಚಿಕ್ಕಬೆಟ್ಟದವು, 172 ದೊಡ್ಡಬೆಟ್ಟದವು, 80 ಊರಿನವು, 50 ಸುತ್ತಣ ಹಳ್ಳಿಗಳವು. ಮೇಲಿನ ಕಲ್ಲುಗಳನ್ನೂ ಕೆಳಗಿನ ಕಲ್ಲುಗಳನ್ನೂ ಎದುರುಬದುರಾಗಿ ಇರಿಸಿಕೊಂಡು ಓದಿದರೆ ಎರಡು ಬಗೆಯ ಮಾತುಗಳು ಕೇಳಿಸುತ್ತವೆ.

ಚಿಕ್ಕಬೆಟ್ಟದ ಮಾತು ಮರಣದ್ದು. ಅಲ್ಲಿನ ಹಳೆಯ ಶಾಸನಗಳಲ್ಲಿ ಬಹುಪಾಲು ನಿಸಿದಿಗಳು, ಎಂದರೆ ಅನ್ನನೀರನ್ನು ತೊರೆದು ಸಮಾಧಿಯಿಂದ ದೇಹವನ್ನು ಬಿಟ್ಟವರ ನೆನಪಿನವು. ಮುನಿಗಳು, ಕಂತಿಯರು, ಕೊನೆಗೆ ಅರಸರೂ ಇಲ್ಲಿಗೆ ಬಂದರು. ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರ 982ರಲ್ಲಿ ಪ್ರಾಣಬಿಟ್ಟದ್ದು ಬೆಳಗೊಳದಲ್ಲಿ. ಕನ್ನಡ ಎಂ.ಎ. ತರಗತಿಯಲ್ಲಿ ಕುಳಿತವರೆಲ್ಲರೂ ನಂದಿಸೇನ ಮುನಿಯ ಶಾಸನವನ್ನು ಓದಿರುತ್ತಾರೆ. ರೂಪವೂ ಸಿರಿಯೂ ನಿಲ್ಲುವುವಲ್ಲ ಎಂಬ ಅರಿವನ್ನು ಅಷ್ಟು ಕಡಮೆ ಮಾತಿನಲ್ಲಿ ಹೇಳಿದ ಪದ್ಯ ನಮ್ಮ ಭಾಷೆಯ ಆದಿಕಾಲದಲ್ಲಿ ಮತ್ತೊಂದಿಲ್ಲ.

ಆದರೆ ಒಂದು ಸಂಗತಿಯನ್ನು ಮರೆಯಲಾಗದು. ದಿಗಂಬರ ಮುನಿ ಅಡುಗೆ ಮಾಡಿಕೊಳ್ಳುವಂತಿಲ್ಲ, ಪಾತ್ರೆ ಇಟ್ಟುಕೊಳ್ಳುವಂತಿಲ್ಲ, ನಾಳೆಗೆಂದು ಕೂಡಿಡುವಂತಿಲ್ಲ. ದಿನಕ್ಕೊಮ್ಮೆ, ನಿಂತು, ಶ್ರಾವಕರು ಬೊಗಸೆಗೆ ಇಟ್ಟದ್ದನ್ನೇ ಆತ ಉಣ್ಣಬೇಕು. ಹಾಗಾದ ಮೇಲೆ, ಮುನಿ ಇದ್ದನೆಂದರೆ ಅವನ ಸಮೀಪದಲ್ಲಿ ಗೃಹಸ್ಥರ ಮನೆ ಇದ್ದಿತೆಂದೇ ಅರ್ಥ. ಮುನಿ ಅನ್ನವನ್ನು ತೊರೆಯುವ ಮೊದಲು ಅವನಿಗೆ ಅನ್ನವನ್ನು ಇಟ್ಟ ಕೈಯೊಂದು ಇದ್ದಿತು. ಆ ಕೈಯ ಹೆಸರನ್ನು ನಿಸಿದಿಗಲ್ಲು ಹೇಳುವುದಿಲ್ಲ. ಅದು ಬೆಟ್ಟದ ಬುಡದ ಯಾವುದೋ ಮನೆಯ ತಾಯಿಯದು.

ಹೊಯ್ಸಳರ ಕಾಲಕ್ಕೆ ಬಂದರೆ ಈ ಬುಡದ ಊರು ಕಣ್ಣಿಗೆ ಕಾಣುವಂತೆ ಎದ್ದು ನಿಲ್ಲುತ್ತದೆ. 12ನೆಯ ಶತಮಾನದ ಮೊದಲ ಭಾಗದಲ್ಲಿ ಗಂಗರಾಜನೂ ಶಾಂತಲೆಯೂ ಬಸದಿಗಳನ್ನು ಕಟ್ಟಿಸಿದ್ದು ಚಿಕ್ಕಬೆಟ್ಟದ ಮೇಲೆ. ಗಂಗರಾಜ ತನ್ನ ತಾಯಿ ಪೋಚಿಕಬ್ಬೆಗಾಗಿ ಕಟ್ಟಿಸಿದ ಕತ್ತಲೆಬಸದಿ 1118ರದು, ಶಾಂತಲೆಯ ಸವತಿಗಂಧವಾರಣ ಬಸದಿ 1123ರದು. ಆ ಶತಮಾನ ಮುಂದುವರಿದಂತೆ ಬಸದಿಗಳು ಬೆಟ್ಟದಿಂದ ಇಳಿದು ಊರಿಗೆ ಬಂದವು. 1159ರಲ್ಲಿ ಒಂದನೆಯ ನರಸಿಂಹನ ಭಂಡಾರಿಯಾದ ಹುಳ್ಳ ಇಪ್ಪತ್ನಾಲ್ಕು ತೀರ್ಥಂಕರರ ಬಸದಿಯನ್ನು ಊರಿನಲ್ಲೇ ಕಟ್ಟಿಸಿದ. ಅದಕ್ಕೆ ಇಂದಿಗೂ ಭಂಡಾರಿ ಬಸದಿಯೆಂದೇ ಹೆಸರು. 1181ರಲ್ಲಿ ಆಚಿಯಕ್ಕ ಕಟ್ಟಿಸಿದ್ದು ಅಕ್ಕನ ಬಸದಿ. 1195ರಲ್ಲಿ ಪಟ್ಟಣಸ್ವಾಮಿ ನಾಗದೇವ ಕಟ್ಟಿಸಿದ್ದು ನಗರಜಿನಾಲಯ. ಇದರ ರಕ್ಷಣೆ ಊರಿನ ವರ್ತಕ ಸಮೂಹದ್ದಾಗಿದ್ದುದರಿಂದ ಈ ಹೆಸರು ಬಂದಿತು. 1325ರ ಸುಮಾರಿಗೆ ಬೆಳಗೊಳದವಳೇ ಆದ ಮಂಗಾಯಿ ಎಂಬ ನರ್ತಕಿ ಇನ್ನೊಂದು ಬಸದಿಯನ್ನು ಕಟ್ಟಿಸಿದಳು. ಭಂಡಾರಿ, ಮಂತ್ರಿಯ ಮಡದಿ, ವ್ಯಾಪಾರಿ, ನರ್ತಕಿ: ಒಂದು ಊರು ಊರಾಗುವುದು ಇಂಥವರೆಲ್ಲ ಸೇರಿದಾಗಲೇ.

ಇದೇ ಊರಿನವರು ಮೇಲಿನ ದೇವರಿಗೆ ಮಾಡಿದ ಏರ್ಪಾಡುಗಳನ್ನು 13ನೆಯ ಶತಮಾನದ ಹಲವು ಸಣ್ಣ ಶಾಸನಗಳು ಹೇಳುತ್ತವೆ. ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗೆಂದು ಒಬ್ಬ ಕೆಲವು ಗದ್ಯಾಣಗಳನ್ನು ಇಡುಗಂಟಾಗಿ ಇಡುತ್ತಾನೆ. ಅದರ ಬಡ್ಡಿಯಿಂದ ದಿನಕ್ಕೆ ಇಷ್ಟು ಹಾಲು ಸಲ್ಲಬೇಕೆಂದು ಗೊತ್ತುಮಾಡುತ್ತಾನೆ. ಮತ್ತೊಬ್ಬ ಹೂಮಾಲೆಗೆಂದು ಭೂಮಿಯನ್ನು ಕೊಂಡು ಬಿಡುತ್ತಾನೆ. ಈ ಶಾಸನಗಳಲ್ಲಿ ಕಾವ್ಯವಿಲ್ಲ, ಉಪಮೆಯಿಲ್ಲ. ಸಿರಿ ನಿಲ್ಲದೆಂದು ನಂದಿಸೇನರು ತಿಳಿಸಿದ ಬೆಟ್ಟದ ಎದುರಿನಲ್ಲೇ, ಆ ನಿಲ್ಲದ ಸಿರಿಯನ್ನು ದಿನವೂ ಹಾಲಾಗಿ, ಹೂವಾಗಿ ನಿಲ್ಲುವಂತೆ ಮಾಡುವುದು ಹೇಗೆಂದು ಜನ ಲೆಕ್ಕ ಹಾಕುತ್ತಿದ್ದರು. ನನ್ನ ಮಟ್ಟಿಗೆ ಈ ಲೆಕ್ಕವೂ ಆ ಪದ್ಯದಷ್ಟೇ ಗೌರವಕ್ಕೆ ಪಾತ್ರವಾದದ್ದು. ಸತ್ಯವನ್ನು ಒಮ್ಮೆ ಹೇಳಿದರೆ ಸಾಕು, ಹಾಲನ್ನು ಮಾತ್ರ ದಿನವೂ ಕರೆದು ತರಬೇಕು.

ಒಂದೆಡೆ ಬಾಳಬೇಕಾದವರಿಗೆ ನೆರೆಹೊರೆಯ ಧರ್ಮವೂ ಬೇಕು. ಅಕ್ಕನ ಬಸದಿಯನ್ನು ಕಟ್ಟಿಸಿದ ಆಚಿಯಕ್ಕ ಜಿನಭಕ್ತೆ. ಅವಳ ಗಂಡ, ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿ, ಶೈವ ಬ್ರಾಹ್ಮಣ. ಒಂದೇ ಸೂರಿನ ಕೆಳಗೆ ಎರಡು ದೇವರು ನಡೆದುವು. ಅರಸನು ಆ ಬಸದಿಗೆ ಬೊಮ್ಮೆಯನಹಳ್ಳಿಯನ್ನು ದತ್ತಿಯಾಗಿ ಬಿಟ್ಟನು. ಆದರೆ ಒಂದು ಮನೆಯಲ್ಲಿ ಸಾಧ್ಯವಾದದ್ದು ಇಡೀ ನಾಡಿನಲ್ಲಿ ಎಂದೆಂದಿಗೂ ಸಾಧ್ಯವಾಗಲಿಲ್ಲ. 14ನೆಯ ಶತಮಾನದಲ್ಲಿ ಜೈನರಿಗೂ ವೈಷ್ಣವರಿಗೂ ವಿವಾದವೆದ್ದು, ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. 1368ರಲ್ಲಿ ಆತ ಕೊಟ್ಟ ತೀರ್ಪಿನ ಕಲ್ಲು ಭಂಡಾರಿ ಬಸದಿಯ ಬಳಿ ಇದೆ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದಂತೆ ವೈಷ್ಣವ ಪ್ರಮುಖರೆಲ್ಲ ನೆರೆದಿರಲು, ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಕ್ಕೂ ಕಲಶಕ್ಕೂ ಜೈನರು ಹಕ್ಕುದಾರರೆಂದು ವಿಧಿಸಿದನು.

ಈ ಕಲ್ಲನ್ನು ಪಠ್ಯಪುಸ್ತಕಗಳು ಅರಸನ ಔದಾರ್ಯದ ಗುರುತಾಗಿ ಕಾಣುತ್ತವೆ. ಅದು ಸರಿಯೇ. ಆದರೆ ಕಲ್ಲು ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಸಾಲುಗಳಲ್ಲಿ ಮತ್ತೆ ಲೆಕ್ಕ ಬರುತ್ತದೆ. ಜೈನರು ಮನೆಬಾಗಿಲಿಗೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ಅದನ್ನು ತಿರುಮಲೆಯ ತಾತಯ್ಯನವರು ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಜೈನದೇವರ ಕಾವಲಿನ ಹೊಣೆ ವೈಷ್ಣವನದು, ಬಸದಿಯ ಸುಣ್ಣದ ಲೆಕ್ಕವೂ ಅವನ ಕೈಯಲ್ಲಿ. ಸೌಹಾರ್ದವನ್ನು ಬಾಯಿಮಾತಿಗೆ ಬಿಡದೆ, ಅದಕ್ಕೆ ಆಳು, ಹಣ, ಹೊಣೆಗಾರಿಕೆಗಳನ್ನು ಗೊತ್ತುಮಾಡಿದ್ದು ಈ ತೀರ್ಪಿನ ಬುದ್ಧಿವಂತಿಕೆ. ಒಂದು ಬೀದಿಯಲ್ಲಿ ಬಾಳಬೇಕಾದ ಜನರ ಕಷ್ಟವನ್ನು ಅರಿತವರು ಮಾತ್ರ ಹೀಗೆ ಬರೆಯಿಸಬಲ್ಲರು.

ಬೆಟ್ಟದ ಬುಡದ ಬಾಳಿನಲ್ಲಿ ಬಡತನವೂ ಬಂದಿತು. ದೇವರ ವೃತ್ತಿಭೂಮಿಗಳನ್ನು ನೋಡಿಕೊಳ್ಳುತ್ತಿದ್ದ ಸ್ಥಾನಿಕರು ಕಷ್ಟಕ್ಕೆ ಸಿಕ್ಕಿ ಅವನ್ನು ಸಾಹುಕಾರರಿಗೆ ಅಡವಿಟ್ಟುಬಿಟ್ಟಿದ್ದರು. 1634ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಸಾಲಗಾರರನ್ನೂ ಸಾಲಕೊಟ್ಟವರನ್ನೂ ಕರೆಯಿಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ಸಾಹುಕಾರರು ಹಣವನ್ನು ಕೇಳದೆ, ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವುಪತ್ರಗಳನ್ನು ಬಿಟ್ಟುಕೊಟ್ಟರು. ಇನ್ನು ಮುಂದೆ ದೇವರ ಭೂಮಿಯನ್ನು ಅಡವಿಡುವವನೂ ಅದನ್ನು ಅಡವು ಹಿಡಿಯುವವನೂ ಸಮಾನ ದೋಷಿಗಳೆಂದು ಕಲ್ಲಿನ ಮೇಲೆ ಬರೆಸಲಾಯಿತು. ಗೊಮ್ಮಟನ ಮೂರ್ತಿಗೆ ಬಿಸಿಲು ಮಳೆಗಳಿಂದ ಒದಗಿದ ಅಪಾಯ ಸ್ವಲ್ಪ. ಪೂಜೆಯೇ ನಿಂತುಹೋಗುವ ಅಪಾಯ ಒದಗಿದ್ದು ಹೀಗೆ, ಕೆಳಗಿನ ಮನೆಗಳ ಬಡತನದಿಂದ. ಅದು ಪರಿಹಾರವಾದದ್ದೂ ಕೆಳಗಿನ ಮನೆಗಳ ಔದಾರ್ಯದಿಂದಲೇ.

ಊರಿನ ಹೆಸರಿಗೆ ಕಾರಣವಾದ ಕೊಳದ ವಿಷಯವೂ ಇಂಥದೇ. ಇಂದು ನಾವು ಕಾಣುವ ಮೆಟ್ಟಿಲು, ಪ್ರಾಕಾರ, ಗೋಪುರಗಳ ಕಲ್ಯಾಣಿ ಆದಿಕಾಲದ ಕಟ್ಟಡವಲ್ಲ. ಟಂಕಸಾಲೆಯ ಅಧಿಕಾರಿ ಅಣ್ಣಯ್ಯನ ಬಿನ್ನಹದಂತೆ ಚಿಕ್ಕದೇವರಾಜ ಒಡೆಯರು ಇದನ್ನು ಆರಂಭಿಸಿದರೆಂದೂ, ಕೆಲಸ ಮುಗಿಯುವ ಮೊದಲೇ 1704ರಲ್ಲಿ ಅವರು ತೀರಿಕೊಳ್ಳಲು, ಅವರ ಮೊಮ್ಮಗ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಣ್ಣಯ್ಯನೇ ನಿಂತು ಪೂರೈಸಿದನೆಂದೂ ಅನಂತಕವಿಯ ಬೆಳ್ಗೊಳದ ಗೊಮ್ಮಟೇಶ್ವರ ಚರಿತ್ರೆಯಿಂದ ತಿಳಿಯುತ್ತದೆ. ಒಬ್ಬ ಅರಸ ಹೋದರೂ ಕೆಲಸ ಕೈಬಿಡದಿದ್ದವನು ಒಬ್ಬ ಅಧಿಕಾರಿ. ಬಂಡೆಗಳ ನಡುವಿನ ಊರಿಗೆ ನೀರೆಂಬುದು ಏನೆಂಬುದನ್ನು ಆತ ಬಲ್ಲವನಾಗಿದ್ದಿರಬೇಕು.

ಈ ಊರಿನ ಜನ ತಮ್ಮ ಪಾಲಿನ ಸತ್ಯವನ್ನು ಒಂದು ಕಥೆಯಲ್ಲೂ ಹೇಳಿಕೊಂಡಿದ್ದಾರೆ. ಅದು ಚರಿತ್ರೆಯಲ್ಲ, ಐತಿಹ್ಯ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಗೊಮ್ಮಟನ ಸೊಂಟದಿಂದ ಕೆಳಗಿಳಿಯಲಿಲ್ಲವಂತೆ. ಕೊನೆಗೆ ಮುದುಕಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದ ತೊಟ್ಟು ಹಾಲನ್ನು ಎರೆಯಲು, ಅದು ಮೂರ್ತಿಯನ್ನೆಲ್ಲ ತೋಯಿಸಿ, ಬೆಟ್ಟವನ್ನಿಳಿದು, ಕೆಳಗೆ ಬಿಳಿಯ ಕೊಳವಾಯಿತಂತೆ. ಕೊಳದ ಹೆಸರು ಮೂರ್ತಿಗಿಂತ ಮುನ್ನೂರು ವರ್ಷ ಹಳೆಯದಾದ್ದರಿಂದ ಕಥೆಯ ಕಾಲಗಣನೆ ನಿಲ್ಲುವುದಿಲ್ಲ. ಆದರೆ ಅದರ ಅರ್ಥ ನಿಲ್ಲುತ್ತದೆ. ಮಂತ್ರಿಯ ಹೆಸರು ಮೂರ್ತಿಯ ಪಾದದ ಬಳಿ ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಕೆತ್ತಲ್ಪಟ್ಟಿತು. ಬುಡದ ಜನ ಆ ಹೆಸರಿಗೆ ಎದುರಾಗಿ ಗುಳ್ಳಕಾಯಜ್ಜಿಯನ್ನು ನಿಲ್ಲಿಸಿದರು. ಬೆಟ್ಟದ ಮೇಲೆ ಗೊಮ್ಮಟನ ಆವರಣದ ಬಾಗಿಲ ಹೊರಗೆ ಅವಳ ಶಿಲ್ಪ ಇಂದಿಗೂ ಇದೆ.

ಮಹಾಮಸ್ತಕಾಭಿಷೇಕ ಸಾಮಾನ್ಯವಾಗಿ ಹನ್ನೆರಡು ವರ್ಷಕ್ಕೊಮ್ಮೆ ನಡೆಯುತ್ತದೆ. 1981ರದು ಸಹಸ್ರಮಾನೋತ್ಸವವಾಗಿತ್ತು. ಮುಂದೆ 1993, 2006, 2018ರಲ್ಲಿ ನಡೆದುವು. ಆಗ ದೇಶವೆಲ್ಲ ಬೆಳಗೊಳಕ್ಕೆ ಬರುತ್ತದೆ, ಡೇರೆಗಳ ನಗರವೇ ಏಳುತ್ತದೆ. ಉಳಿದ ವರ್ಷಗಳಲ್ಲಿ ಬೆಟ್ಟವನ್ನು ನೋಡಿಕೊಳ್ಳುವವರು ಊರಿನವರೇ. ಹತ್ತಲಾರದವರನ್ನು ಡೋಲಿಯಲ್ಲಿ ಕೂರಿಸಿಕೊಂಡು, ಬಂಡೆಯಲ್ಲಿ ಕಡಿದ ಸುಮಾರು 650 ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರುವ ಹೆಗಲುಗಳೂ ಅಂಥವೇ. ಬೆಂಗಳೂರು ಹಾಸನಗಳ ನಡುವಣ ರೈಲು 2017ರಿಂದ ಶ್ರವಣಬೆಳಗೊಳದ ಮೂಲಕ ಓಡುತ್ತಿದೆ. ಬರುವವರ ಸಂಖ್ಯೆ ಹೆಚ್ಚಿದಂತೆ ಊರೆಂಬುದು ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ವಾಹನ ನಿಲ್ಲಿಸುವ ಸ್ಥಳ ಮಾತ್ರ ಎಂಬ ಭಾವನೆ ಬೆಳೆಯುವ ಭಯವಿದೆ. ಮೂರ್ತಿಯನ್ನು ಕಾಯುವ ಕಾನೂನುಗಳು ಇವೆ, ಇರಬೇಕು. ಆದರೆ ಬಸದಿಗಳ ನಡುವಿನ ಬೀದಿಗಳು ಬಾಳುವ ಮನೆಗಳಿಲ್ಲದೆ ಬರಿದಾದರೆ, ಕಾಯಲು ಉಳಿಯುವುದು ಕಲ್ಲು ಮಾತ್ರ. ಏಳುನೂರು ವರ್ಷಗಳ ಹಿಂದೆ ಹಾಲಿಗೆ ಇಡುಗಂಟು ಇಟ್ಟವರು ಇಷ್ಟನ್ನು ಅರಿತಿದ್ದರು. ಅವರು ನೆಚ್ಚಿದ್ದು ಕಲ್ಲನ್ನಲ್ಲ, ನಾಳೆಯೂ ಇಲ್ಲಿ ಹಾಲು ಕರೆಯುವವರು ಇರುತ್ತಾರೆಂಬ ನಂಬಿಕೆಯನ್ನು.

ಈ ಮಾತನ್ನು ಕೇಳುತ್ತಿರುವವರಲ್ಲಿ ಬೆಳಗೊಳಕ್ಕೆ ಹೋಗದವರು ವಿರಳ. ಮತ್ತೆ ಹೋದಾಗ ಬೆಟ್ಟವನ್ನು ಏರುವ ಮೊದಲು ಭಂಡಾರಿ ಬಸದಿಯ ಬಳಿ ಒಂದು ಗಳಿಗೆ ನಿಲ್ಲಿ. ಬುಕ್ಕರಾಯನ ಕಲ್ಲನ್ನು ನೋಡಿ, ಅಲ್ಲಿಂದ ಕಲ್ಯಾಣಿಯವರೆಗೆ ನಡೆಯಿರಿ. ಆಮೇಲೆ ಮೆಟ್ಟಿಲು ಹತ್ತಿ.